ಬೋಧನೆ ಬಿಡಿ, ಬಾಗಿಲು ನೋಡಿ: ಮನೆಯವರು ಪಂಥಕ್ಕೆ ಸೇರಿದಾಗ

ಮನೆಯವರೊಬ್ಬರು ಹೊಸ ಗುರುವಿನ ಹಿಂದೆ ಬಿದ್ದಿದ್ದಾರೆ ಅನ್ನಿಸಿದರೆ, ಆತ ಏನು ಬೋಧಿಸುತ್ತಾನೆ ಎಂದು ಕೆದಕುತ್ತ ಕೂರಬೇಡಿ. ಬೋಧನೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. 1950ರ ದಶಕದಲ್ಲಿ ಅಮೆರಿಕದ ಇಂಡಿಯನಾಪೊಲಿಸ್‌ನಲ್ಲಿ ಜಿಮ್ ಜೋನ್ಸ್ ಕಟ್ಟಿದ ಪೀಪಲ್ಸ್ ಟೆಂಪಲ್ ಎಂಬ ಪಂಥದಲ್ಲಿ ಕಪ್ಪುಜನರೂ ಬಿಳಿಯರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಹಸಿದವರಿಗೆ ಊಟ, ಮುದುಕರಿಗೆ ಆಸರೆ ಸಿಗುತ್ತಿತ್ತು. 1976ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಮೇಯರ್ ಆತನನ್ನು ನಗರದ ವಸತಿ ಆಯೋಗಕ್ಕೇ ನೇಮಿಸಿದರು. 1978ರ ನವೆಂಬರ್ 18ರಂದು ದಕ್ಷಿಣ ಅಮೆರಿಕದ ಗಯಾನಾದ ಕಾಡಿನಲ್ಲಿ ಇದೇ ಟೆಂಪಲ್ ಕಟ್ಟಿಕೊಂಡಿದ್ದ ಜೋನ್ಸ್‌ಟೌನ್ ಎಂಬ ನೆಲೆಯಲ್ಲಿ 909 ಮಂದಿ ಸತ್ತರು, ಬಹುತೇಕರು ಸಯನೈಡ್‌ನಿಂದ. ಸುಮಾರು ಮೂರರಲ್ಲೊಂದು ಪಾಲು ಮಕ್ಕಳು. ಸುತ್ತ ಬಂದೂಕಿನ ಕಾವಲಿತ್ತು. ಅದನ್ನು ಸಾಮೂಹಿಕ ಆತ್ಮಹತ್ಯೆ ಎಂದು ಕರೆಯಲು ನಾಲಿಗೆ ಏಳುವುದಿಲ್ಲ.

ನೋಡಬೇಕಾದದ್ದು ಹೊರಬರುವ ಬಾಗಿಲು. ಟೆಂಪಲ್‌ನಲ್ಲಿ ಅದು ಒಂದೇ ದಿನ ಮುಚ್ಚಲಿಲ್ಲ. ಮೊದಲು ಆದಾಯದ ಪಾಲು ಹೋಯಿತು, ಆಮೇಲೆ ಮನೆ, ಕೊನೆಗೆ ಮುದುಕರ ಪಿಂಚಣಿ ಚೆಕ್ಕು. ಹಾಗಾಗಿ “ಎಷ್ಟು ಕೊಟ್ಟೆ?” ಎಂದು ಜಗಳಕ್ಕೆ ನಿಲ್ಲಬೇಡಿ. ನಾಳೆ ಹೊರಬಂದರೆ ಮೂರು ತಿಂಗಳ ಬಾಡಿಗೆಗಾಗುವಷ್ಟು ಅವರ ಖಾತೆಯಲ್ಲಿದೆಯೇ ತಿಳಿದುಕೊಳ್ಳಿ. ಇನ್ನು ಕಾಗದಪತ್ರ. ಜೋನ್ಸ್‌ಟೌನ್ ತಲುಪಿದವರ ಪಾಸ್‌ಪೋರ್ಟ್ ಕಸಿದಿಡುತ್ತಿದ್ದರು. ಅದಕ್ಕೂ ಮುಂಚೆಯೇ ಖಾಲಿ ಹಾಳೆಗೆ ಸಹಿ, ಮಾಡದ ತಪ್ಪಿಗೆ ತಪ್ಪೊಪ್ಪಿಗೆ ಬರೆಸಿಕೊಂಡಿದ್ದರು, ಬಿಟ್ಟುಹೋದವರ ಬಾಯಿ ಕಟ್ಟಲು. ಆಧಾರ್, ಪಾಸ್‌ಬುಕ್, ಅಂಕಪಟ್ಟಿ, ಆಸ್ತಿಪತ್ರಗಳ ಮೂಲಪ್ರತಿ ಮನೆಯಲ್ಲಿರಲಿ. ಗುಂಪಿನವರು ಕೇಳಿದರೆ ಜೆರಾಕ್ಸ್ ಸಾಕು.

ಜೋನ್ಸ್‌ಟೌನ್‌ನಲ್ಲಿ ಪತ್ರಗಳನ್ನು ಒಡೆದು ಓದುತ್ತಿದ್ದರು. ಆದ್ದರಿಂದ ಸಂಬಂಧ ಇನ್ನೂ ಸಲೀಸಾಗಿರುವಾಗಲೇ ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಳ್ಳಿ. “ಹಸು ಕರು ಹಾಕಿತಾ?” ಎಂದು ಅವರು ಕೇಳಿದರೆ “ಬಂದು ಕರೆದುಕೊಂಡು ಹೋಗಿ” ಎಂದರ್ಥ. ವಾರಕ್ಕೊಂದು ದಿನ, ಒಂದೇ ಹೊತ್ತಿಗೆ ಕರೆ ಮಾಡಿ; ಎರಡು ವಾರ ತಪ್ಪಿದರೆ ನೇರವಾಗಿ ಹೋಗಿ ನೋಡಿ. ಪ್ರತಿ ಸಲವೂ ಪಕ್ಕದಲ್ಲಿ ಇನ್ನೊಬ್ಬರು ಕೂತಿರುತ್ತಾರಾ ಗಮನಿಸಿ.

ಎಲ್ಲಕ್ಕಿಂತ ಕೆಟ್ಟ ಗುರುತು ಸಾವಿನ ತಾಲೀಮು. “ವೈಟ್ ನೈಟ್” ಎಂಬ ರಾತ್ರಿಗಳಲ್ಲಿ ಜೋನ್ಸ್ ಎಲ್ಲರನ್ನೂ ಮಂಟಪಕ್ಕೆ ಕರೆಸಿ, ಶತ್ರುಗಳು ಬಂದರೆನ್ನುತ್ತಿದ್ದ. ಒಮ್ಮೆ ವಿಷವೆಂದು ಹೇಳಿಯೇ ಪಾನಕ ಕುಡಿಸಿ, ಆಮೇಲೆ ಇದು ನಿಷ್ಠೆಯ ಪರೀಕ್ಷೆ ಎಂದ. ತಪ್ಪಿಸಿಕೊಂಡು ಬಂದ ಡೆಬೊರಾ ಲೇಟನ್ ಇದನ್ನು 1978ರ ಜೂನ್‌ನಲ್ಲೇ ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿದ್ದರು. ಸಾವಿನ ಮಾತು ಹೀಗೆ ರೂಢಿಯಾಗುತ್ತಿದ್ದರೆ ಕಾಯಬೇಡಿ: ಪೊಲೀಸರಿಗೆ 112, ಮಕ್ಕಳಿದ್ದರೆ 1098. ವಯಸ್ಕರ ವಿಷಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯನ್ನೇ (ಕೂಡಿಟ್ಟವರನ್ನು ಕೋರ್ಟಿನ ಮುಂದೆ ತರಿಸಲು ಹಾಕುವ ಅರ್ಜಿ) ನಂಬಿಕೊಳ್ಳಬೇಡಿ. “ನನ್ನಿಷ್ಟದಿಂದಲೇ ಇದ್ದೇನೆ” ಎಂದು ನ್ಯಾಯಾಧೀಶರ ಮುಂದೆ ಅವರೇ ಹೇಳಿಬಿಟ್ಟರೆ ಅರ್ಜಿ ಅಲ್ಲಿಗೇ ಮುಗಿಯಿತು, ನಿಮ್ಮ ಮೇಲಿನ ಮುನಿಸು ಮಾತ್ರ ಉಳಿಯುತ್ತದೆ.

ಮನೆಯವರು ಎಡವುವುದು ಗದ್ದಲದಲ್ಲಿ. “ಹೊರಗಿನವರು ನಮ್ಮನ್ನು ಮುಗಿಸಲು ಬರುತ್ತಾರೆ” ಎಂಬುದು ಗುರುವಿನ ಬಂಡವಾಳ. ನಿಮ್ಮ ಕೂಗಾಟ ಅದಕ್ಕೆ ಸಾಕ್ಷಿಯಾಗುತ್ತದೆ. ಅಮೆರಿಕದ ಸಂಸದ ಲಿಯೊ ರಯಾನ್ ಸದುದ್ದೇಶದಿಂದಲೇ ಪತ್ರಕರ್ತರನ್ನೂ ಅಲ್ಲಿದ್ದವರ ಬಂಧುಗಳನ್ನೂ ಕರೆದುಕೊಂಡು ಜೋನ್ಸ್‌ಟೌನ್‌ಗೆ ಹೋಗಿದ್ದರು. ನವೆಂಬರ್ 18ರಂದು ಹತ್ತಾರು ಮಂದಿ ಅವರ ಜೊತೆ ಹೊರಟಾಗ ಹತ್ತಿರದ ಪೋರ್ಟ್ ಕೈತುಮಾದ ವಿಮಾನಪಟ್ಟಿಯಲ್ಲಿ ಜೋನ್ಸ್‌ನ ಕಡೆಯವರು ಗುಂಡು ಹಾರಿಸಿ, ರಯಾನ್ ಸೇರಿ ಐವರು ಸತ್ತರು. ಅದೇ ದಿನ ಬೆಳಗ್ಗೆ ಹನ್ನೊಂದು ಮಂದಿ ಪಿಕ್‌ನಿಕ್ಕಿನ ನೆಪ ಹೇಳಿ, ಕಾಡು ದಾಟಿ, ರೈಲುಹಳಿ ಹಿಡಿದು ಮ್ಯಾಥ್ಯೂಸ್ ರಿಡ್ಜ್ ಕಡೆ ನಡೆದು ಬದುಕಿಕೊಂಡರು. ನಿಮ್ಮ ನೆಪವೂ ಅಷ್ಟೇ ಸಪ್ಪೆಯಾಗಿರಲಿ: ಮದುವೆ, ಹಲ್ಲುನೋವು, ಅಜ್ಜಿಗೆ ಹುಷಾರಿಲ್ಲ.

ಬಂದ ಮೇಲೆ ವಿಚಾರಣೆ ಬೇಡ. ಊಟ, ನಿದ್ದೆ ಆಗಲಿ; ಗುರುವಿನ ಮಾತನ್ನು ಅವರೇ ಎತ್ತಲಿ. ಮೊದಲ ವಾರದಲ್ಲೇ ಬ್ಯಾಂಕಿಗೆ ಹೋಗಿ ಗುಂಪಿನ ಖಾತೆಗೆ ತಾನಾಗಿ ಹೋಗುವ ಹಣ ನಿಲ್ಲಿಸಿ, ಫೋನಿನ ಪಾಸ್‌ವರ್ಡ್ ಬದಲಿಸಿ, ಎಲ್ಲೆಲ್ಲಿ ಸಹಿ ಹಾಕಿದ್ದರೋ ನೆನಪಿದ್ದಷ್ಟನ್ನು ಬರೆಸಿ ವಕೀಲರ ಕೈಗೆ ಕೊಡಿ.