ಲೈಟ್ ಕೆಳಗಿನ ಆರ್ಕಿಡ್‌: ಮೊದಲು ಎಲೆ ನೋಡಿ

ಮನೆಯೊಳಗೆ ಬಿಸಿಲು ಬರಲ್ಲ ಅಂತ ಆರ್ಕಿಡ್ ಆಸೆ ಬಿಡಬೇಡಿ. ಫೆಲನಾಪ್ಸಿಸ್ ಜಾತಿಗೆ ಒಳ್ಳೆಯ ಬಿಳಿ ಎಲ್‌ಇಡಿ ಸಾಕು. ನೇರಳೆ ಬಣ್ಣದ ಲೈಟೇ ಬೇಕು ಅಂತೇನಿಲ್ಲ. ಬಿಳಿ ಬೆಳಕಲ್ಲಿ ಗಿಡದ ನಿಜವಾದ ಬಣ್ಣ ಕಾಣುತ್ತೆ, ಅದೇ ಮುಖ್ಯ.

ಲೈಟನ್ನು ಎಲೆಯಿಂದ ಸುಮಾರು 30 ಸೆಂ.ಮೀ. ಮೇಲೆ ಇಟ್ಟು ಶುರು ಮಾಡಿ. ಆಮೇಲೆ ಎಲೆ ನೋಡಿ ಹೊಂದಿಸಿಕೊಳ್ಳಿ. ಕಡು ಹಸಿರಾಗಿ ಜೋತು ಬಿದ್ದರೆ ಬೆಳಕು ಕಡಿಮೆ. ಹಳದಿಗೆ ತಿರುಗಿದರೆ, ಅಂಚಿಗೆ ಕೆಂಪು ಛಾಯೆ ಬಂದರೆ ಜಾಸ್ತಿಯಾಗಿರಬಹುದು. ಎಳೆ ಹುಲ್ಲಿನಂಥ ತಿಳಿ ಹಸಿರು ಇದ್ದರೆ ಸರಿಯಾಗಿದೆ. ಎಲೆ ಮುಟ್ಟಿದಾಗ ಬಿಸಿ ಅನ್ನಿಸಿದರೆ ತಕ್ಷಣ ಲೈಟ್ ಮೇಲಕ್ಕೆತ್ತಿ.

ದಿನಕ್ಕೆ 12ರಿಂದ 14 ಗಂಟೆ ಬೆಳಕು ಕೊಡಿ, ಟೈಮರ್ ಹಾಕಿಬಿಡಿ. ರಾತ್ರಿ ಕತ್ತಲು ಬೇಕೇ ಬೇಕು.

ಎಲೆ ಚೆನ್ನಾಗಿದ್ದೂ ಹೂವಿಲ್ವಾ? ರಾತ್ರಿ ತಂಪು ಸಾಲದಿರಬಹುದು. ಕೆಲವು ವಾರ ರಾತ್ರಿ 16ರಿಂದ 18 ಡಿಗ್ರಿ ಸೆಲ್ಸಿಯಸ್ ಸಿಕ್ಕರೆ ಹೂಗೊಂಚಲಿನ ಕಡ್ಡಿ ಹೊರಡುತ್ತೆ.

ನೀರು ಯಾವಾಗ ಹಾಕಬೇಕು ಅಂತ ಗಿಡದ ಬೇರುಗಳೇ ಸೂಚನೆ ಕೊಡುತ್ತವೆ. ಅವು ಬೆಳ್ಳಿ ಬೂದು ಬಣ್ಣಕ್ಕೆ ತಿರುಗಿದ ಮೇಲಷ್ಟೇ ಹಾಕಿ. ಹಸಿರಿದ್ದರೆ ಇನ್ನೂ ತೇವ ಇದೆ, ಸುಮ್ನೆ ಬಿಟ್ಟುಬಿಡಿ.