ಪ್ರಾಜೆಕ್ಟ್ ಶುರು ಮಾಡೋ ಮುಂಚೆ ಸೋತುಹೋದ ಒಂದು ಮಷಿನ್ ಕಥೆ ಓದಿ, ಹೆಂಗೆ ಓದಬೇಕು ಅಂತ ಹೇಳ್ತೀನಿ

ದಾವಣಗೆರೆ, ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಓದೋ ಹುಡುಗ್ರು ಹುಡುಗೀರು ಫೈನಲ್ ಇಯರ್ ಬಂತು ಅಂದ್ರೆ ಮೆಕ್ಕೆಜೋಳ ಬಿಡಿಸೋ ಮಷಿನ್, ಅಡಿಕೆ ಸುಲಿಯೋ ಮಷಿನ್ ಅಂತ ಏನಾದ್ರೂ ಮಾಡೋಕೆ ಹೊರಡ್ತಾರೆ, ನಂಗೆ ಅದು ತುಂಬಾ ಖುಷಿ, ಆದ್ರೆ ವೆಲ್ಡಿಂಗ್ ಶಾಪಿಗೆ ಹೋಗೋ ಮುಂಚೆ ದೊಡ್ಡ ಆಸೆ ಇಟ್ಕೊಂಡು ಬಂದು ಸೋತ ಒಂದು ಮಷಿನ್ನಿನ ಕಥೆ ಪೂರ್ತಿ ಓದ್ರಪ್ಪ.

ಮೊದ್ಲು ಪ್ಲೇಪಂಪ್ ತಗೊಳ್ಳಿ. ದಕ್ಷಿಣ ಆಫ್ರಿಕಾದ್ದು. ಮಕ್ಕಳು ಕೂತು ತಿರುಗೋ ಆಟದ ಚಕ್ರ, ಅದು ತಿರುಗಿದಂಗೆ ಬೋರಿಂದ ನೀರು ಮೇಲಿನ ಟ್ಯಾಂಕಿಗೆ ಹೋಗ್ಬೇಕು. ಕೇಳೋಕೆ ಎಷ್ಟು ಚೆಂದ ಅಲ್ವಾ, 2006ರಲ್ಲಿ ಅಮೆರಿಕದಲ್ಲಿ ಇದಕ್ಕೆ 1.64 ಕೋಟಿ ಡಾಲರ್ ಕೊಡ್ತೀವಿ ಅಂತ ಘೋಷಣೆನೂ ಆಯ್ತು. ಈಗ ಪೆನ್ನು ಹಿಡ್ಕೊಂಡು ಶಕ್ತಿ ಲೆಕ್ಕ ಮಾಡಿ. 1000 ಲೀಟರ್ ನೀರು 50 ಮೀಟರ್ ಮೇಲೆತ್ತೋಕೆ ಸುಮಾರು 490 ಕಿಲೋಜೌಲ್ ಬೇಕು, ಗಟ್ಟಿ ಆಳು ಒಬ್ಬ ಬಿಡದೆ ದುಡಿದ್ರೆ 75 ವ್ಯಾಟ್ ಅಂತಿಟ್ಕೊಳ್ಳಿ, ಹತ್ರಹತ್ರ 1 ಗಂಟೆ 50 ನಿಮಿಷ ಆಯ್ತು, ಅದೂ ಪಂಪಲ್ಲಿ ಒಂಚೂರೂ ಲಾಸ್ ಇಲ್ಲ ಅಂದ್ರೆ. ಜಗಳೂರು ಕಡೆ ಬೋರಿನ ಆಳ ಹಾಕಿ ಇನ್ನೊಂದ್ಸಲ ಮಾಡಿ, ಗೊತ್ತಾಗುತ್ತೆ. ಒಂದೊಂದು ಪಂಪು 2,500 ಜನಕ್ಕೆ ನೀರು ಕೊಡುತ್ತೆ ಅಂತ ಹೇಳಿದ್ರು, ಅದಕ್ಕೆ ಮಕ್ಕಳು ದಿನಕ್ಕೆ 27 ತಾಸು ಆಡಬೇಕಾಗುತ್ತೆ ಅಂತ 2009ರಲ್ಲಿ ಗಾರ್ಡಿಯನ್ ಪತ್ರಿಕೆ ಲೆಕ್ಕ ತೋರಿಸ್ತು! ಮಕ್ಕಳಿಲ್ಲದಾಗ ಆ ಚಕ್ರ ತಿರುಗಿಸಿದ್ದು ಹೆಂಗಸರು, ನೀರು ಹೊರೋರನ್ನೇ ಕೇಳದೆ ಮಾಡಿದ್ರೆ ಹಿಂಗೇ ಆಗೋದು, ನಂಗೆ ನಿಜವಾಗ್ಲೂ ಸಿಟ್ಟು ಬರುತ್ತೆ.

ಇದರ ಪಕ್ಕ ನಮ್ಮ ಇಂಡಿಯಾ ಮಾರ್ಕ್ 2 ಇಟ್ಟು ನೋಡಿ, ಊರಲ್ಲಿ ಬೋರಿಂಗ್ ಒತ್ತೋದು ಅಂತೀವಲ್ಲ ಅದೇ ಕೈಪಂಪು. 1970ರ ದಶಕದಲ್ಲಿ ಸೊಲ್ಲಾಪುರದ ಪಂಪಿನ ಮೇಲೆ ಯುನಿಸೆಫ್ ಜೊತೆ ಸೇರಿ ಸುಧಾರಿಸಿದ್ದು. ಪಾರ್ಟುಗಳಿಗೆ ಒಂದೇ ಅಳತೆ, ಒಂದು ಪಂಪಿಂದು ಇನ್ನೊಂದಕ್ಕೆ ಕೂರುತ್ತೆ. ಆಟ ಇಲ್ಲ, ಅಂದ ಇಲ್ಲ, ಲಕ್ಷಗಟ್ಲೆ ಹಾಕಿದ್ರು.

ಇನ್ನೊಂದು, ಸೋತಿದ್ದು ಮಷಿನ್ನಾ ಇಲ್ಲ ರೇಟಾ ಅಂತ ಬೇರೆಬೇರೆ ನೋಡಿ. ಟವರ್ ಬದಲು ಉಪಗ್ರಹದ ಮೂಲಕ ಮಾತಾಡೋ ಇರಿಡಿಯಂ ಅನ್ನೋ ದುಬಾರಿ ಸ್ಯಾಟಲೈಟ್ ಫೋನ್ 1998ರಲ್ಲಿ ಶುರುವಾಗಿ 1999ರಲ್ಲೇ ದಿವಾಳಿ, ಆದ್ರೆ 66 ಉಪಗ್ರಹ ಚೆನ್ನಾಗೇ ಕೆಲ್ಸ ಮಾಡ್ತಿದ್ವು. ಇವರು ತಯಾರಿ ಮಾಡ್ಕೊಳ್ಳೋ ಹತ್ತು ವರ್ಷದಲ್ಲಿ ಮಾಮೂಲಿ ಮೊಬೈಲ್ ಅಗ್ಗವಾಗಿ ಎಲ್ಲಾ ಕಡೆ ಬಂದ್ಬಿಡ್ತು. ಅದಕ್ಕೇ ನಿಮ್ಮ ಮಷಿನ್ ಮುಗಿಯೋ ಹೊತ್ತಿಗೆ ರೈತ ಬಾಡಿಗೆಗೆ ಏನು ತರಿಸ್ಕೊಳ್ತಾನೆ, ಎಷ್ಟು ಕೊಡ್ತಾನೆ ಅಂತ ಈಗ್ಲೇ ಹೋಗಿ ಕೇಳಿ.

ಆಮೇಲೆ ನಿಮ್ಮದನ್ನ ಯಾರದಾದ್ರೂ ಕಣದಲ್ಲಿ ಒಂದು ಸುಗ್ಗಿ ಬಿಟ್ಟು ಬನ್ನಿ, ನೀವು ಪಕ್ಕದಲ್ಲಿ ನಿಂತ್ಕೋಬೇಡಿ. ವಾಪಸ್ ಹೋದಾಗ ಅವರೇ ಎಲ್ಲೆಲ್ಲಿ ತಂತಿ ಬಿಗಿದಿದ್ದಾರೆ, ಯಾವ ಭಾಗ ಬಿಚ್ಚಿ ಆಚೆ ಇಟ್ಟಿದ್ದಾರೆ ಅಂತ ಫೋಟೋ ತಕ್ಕೊಂಡು ರಿಪೋರ್ಟಲ್ಲಿ ಮೊದಲನೇ ಪುಟಕ್ಕೇ ಹಾಕಿ.