ಲಿನಕ್ಸ್‌ನಲ್ಲಿ ಕಪ್ಪು-ಬಿಳುಪು ಸ್ಕ್ಯಾನ್ ಸರಿ ಬರುತ್ತಿಲ್ವಾ? ಹೀಗೆ ಮಾಡಿ

ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಚೆನ್ನಾಗಿ ಬರುತ್ತದೆ. ಕಪ್ಪು-ಬಿಳುಪಿಗೆ ಬದಲಾಯಿಸಿದ ಕೂಡಲೇ ಹಾಳೆ ಪೂರ್ತಿ ಕಪ್ಪಾಗುತ್ತದೆ, ಇಲ್ಲವೇ ಅಕ್ಷರಗಳೇ ಮಾಯವಾಗುತ್ತವೆ. ಸ್ಕ್ಯಾನರ್ ಕೆಟ್ಟಿತು ಅಂತ ಆಗಲೇ ಗಾಬರಿಯಾಗಬೇಡಿ.

ಮೊದಲು ಅದೇ ಹಾಳೆಯನ್ನು ಗ್ರೇ ಮೋಡ್‌ನಲ್ಲಿ, ಅಂದರೆ ಬೂದು ಛಾಯೆಗಳಲ್ಲಿ ಸ್ಕ್ಯಾನ್ ಮಾಡಿ. ಅದು ಚೆನ್ನಾಗಿ ಬಂದರೆ ಗಾಜು, ದೀಪ, ಕೇಬಲ್ ಎಲ್ಲ ಸರಿ ಇವೆ. ತೊಂದರೆ ಇರುವುದು ಲೈನ್‌ಆರ್ಟ್ ಮೋಡ್‌ನಲ್ಲಿ, ಅಂದರೆ ಬರೀ ಕಪ್ಪು-ಬಿಳುಪಿನ ಮೋಡ್‌ನಲ್ಲಿ. ಗ್ರೇಯಲ್ಲಿ ಒಂದೊಂದು ಚುಕ್ಕೆಗೆ 8 ಬಿಟ್, ಅಂದರೆ 256 ಛಾಯೆ. ಲೈನ್‌ಆರ್ಟ್‌ನಲ್ಲಿ ಒಂದೇ ಬಿಟ್, ಕಪ್ಪು ಇಲ್ಲವೇ ಬಿಳಿ.

ಈಗ ಟರ್ಮಿನಲ್ ತೆರೆಯಿರಿ. ಲಿನಕ್ಸ್‌ನಲ್ಲಿ ಸ್ಕ್ಯಾನರ್ ನಡೆಸುವ ತಂತ್ರಾಂಶವಾದ ಸೇನ್ (SANE) ಜೊತೆ ಬರುವ ಸ್ಕ್ಯಾನ್‌ಇಮೇಜ್ (scanimage) ಕಮಾಂಡ್‌ಗೆ ದೊಡ್ಡಕ್ಷರದ ಎಲ್ ಆಪ್ಷನ್ ಕೊಟ್ಟರೆ ಸ್ಕ್ಯಾನರ್‌ನ ಹೆಸರು ಸಿಗುತ್ತದೆ. ಆ ಹೆಸರು ಕೊಟ್ಟು ದೊಡ್ಡಕ್ಷರದ ಎ ಆಪ್ಷನ್ ಹಾಕಿದರೆ ಡ್ರೈವರ್‌ನ ಎಲ್ಲ ಆಯ್ಕೆಗಳೂ ಕಾಣುತ್ತವೆ. ಅಲ್ಲಿ ಲೈನ್‌ಆರ್ಟ್ ಇದೆಯಾ, ಥ್ರೆಶೋಲ್ಡ್ ಇದೆಯಾ ನೋಡಿ. ಲೈನ್‌ಆರ್ಟೇ ಇಲ್ಲದಿದ್ದರೆ ಸುಮ್ನೆ ಹುಡುಕುತ್ತಾ ಕೂರಬೇಡಿ, ಕೆಳಗೆ ಹೇಳಿರುವ ಕೊನೆಯ ದಾರಿಗೆ, ಅಂದರೆ ಗ್ರೇಯಲ್ಲಿ ಸ್ಕ್ಯಾನ್ ಮಾಡಿ ಆಮೇಲೆ ಬದಲಾಯಿಸುವ ದಾರಿಗೆ ಹೋಗಿ.

ಥ್ರೆಶೋಲ್ಡ್ ಅಂದರೆ ಗಡಿ. ಅದಕ್ಕಿಂತ ಬೆಳಕಾದ ಚುಕ್ಕೆ ಬಿಳಿಯಾಗುತ್ತದೆ, ಉಳಿದದ್ದು ಕಪ್ಪು. ಅಕ್ಷರ ತುಂಡು ತುಂಡಾಗಿದ್ದರೆ ಗಡಿಯನ್ನು ಸ್ವಲ್ಪ ಏರಿಸಿ, ಹಾಳೆಯೆಲ್ಲ ಮಸಿ ಬಳಿದ ಹಾಗಿದ್ದರೆ ಇಳಿಸಿ. ಜಾಸ್ತಿ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಬಂದರೆ ಅದು ಬೇರೆ ಕಥೆ. ಗ್ರೇಯಲ್ಲಿ 0 ಅಂದರೆ ಕಪ್ಪು. ಆದರೆ ಸೇನ್ ನಿಯಮದಲ್ಲಿ ಒಂದು ಬಿಟ್‌ನ ಚಿತ್ರಕ್ಕೆ 1 ಅಂದರೆ ಕಪ್ಪು. ಡ್ರೈವರ್ ಇಲ್ಲಿ ಎಡವಿದರೆ ಚಿತ್ರ ನೆಗೆಟಿವ್ ಆಗುತ್ತದೆ. ಚಿತ್ರಗಳನ್ನು ತಿದ್ದುವ ಇಮೇಜ್‌ಮ್ಯಾಜಿಕ್ ತಂತ್ರಾಂಶದ ನೆಗೇಟ್ ಆಪ್ಷನ್‌ನಿಂದ ಅದನ್ನು ತಿರುಗಿಸಬಹುದು.

ಚಿತ್ರ ಓರೆಯಾಗಿ ಜಾರಿದಂತೆ ಬರುತ್ತಿದೆಯಾ? ಲೈನ್‌ಆರ್ಟ್‌ನಲ್ಲಿ 8 ಚುಕ್ಕೆ ಸೇರಿ ಒಂದು ಬೈಟ್. ಸಾಲಿನ ಅಗಲ 8ರಿಂದ ಭಾಗವಾಗದಿದ್ದಾಗ ಡ್ರೈವರ್ ಲೆಕ್ಕ ತಪ್ಪಿದರೆ ಪ್ರತಿ ಸಾಲೂ ಚೂರು ಚೂರೇ ಸರಿಯುತ್ತಾ ಹೋಗುತ್ತದೆ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಎಂಟೂವರೆ ಇಂಚಿನ ಅಗಲಕ್ಕೆ 2550 ಚುಕ್ಕೆ, ಇದು 8ರಿಂದ ಭಾಗವಾಗುವುದಿಲ್ಲ. ಎ4 ಹಾಳೆಯ 210 ಮಿಲಿಮೀಟರ್‌ಗೆ 2480, ಇದು ಸರಿಯಾಗಿ ಭಾಗವಾಗುತ್ತದೆ. ಹಾಗಾಗಿ ಅಗಲವನ್ನು 210ಕ್ಕೆ ಇಟ್ಟು ನೋಡಿ.

ಏನು ಮಾಡಿದರೂ ಬಗ್ಗದಿದ್ದರೆ 300 ಡಿಪಿಐ ಗ್ರೇಯಲ್ಲೇ ಸ್ಕ್ಯಾನ್ ಮಾಡಿ, ಆಮೇಲೆ ಇಮೇಜ್‌ಮ್ಯಾಜಿಕ್‌ನಲ್ಲಿ ಥ್ರೆಶೋಲ್ಡ್ ಶೇ 60ರ ಸುತ್ತ ಇಟ್ಟು ಕಪ್ಪು-ಬಿಳುಪು ಮಾಡಿಕೊಳ್ಳಿ. ನನಗೆ ಈ ದಾರಿಯೇ ಇಷ್ಟ, ಯಾಕೆಂದರೆ ಗಡಿ ತಪ್ಪಿದರೂ ಹಾಳೆಯನ್ನು ಮತ್ತೆ ಗಾಜಿನ ಮೇಲೆ ಇಡಬೇಕಿಲ್ಲ. ಎ4 ಪುಟವೊಂದು ಗ್ರೇಯಲ್ಲಿ ಸುಮಾರು 8.7 ಎಂಬಿ ಇದ್ದದ್ದು ಒಂದು ಬಿಟ್‌ಗೆ ಇಳಿದಾಗ 1.1 ಎಂಬಿ ಆಗುತ್ತದೆ, ಕಪ್ಪು-ಬಿಳುಪು ಚಿತ್ರಗಳನ್ನು ಕುಗ್ಗಿಸುವ ಗ್ರೂಪ್ 4 ಕಂಪ್ರೆಷನ್ ಹಾಕಿ ಟಿಫ್ (TIFF) ಫೈಲ್ ಆಗಿ ಉಳಿಸಿದರೆ ಸಾಮಾನ್ಯ ಅಕ್ಷರದ ಪುಟ ಇನ್ನೂ ಎಷ್ಟೋ ಚಿಕ್ಕದಾಗುತ್ತದೆ.

ನೆಗೆಟಿವ್ ಅಥವಾ ಓರೆ ಚಿತ್ರ ಡ್ರೈವರ್‌ನದೇ ತಪ್ಪು ಅನ್ನಿಸಿದರೆ ದಯವಿಟ್ಟು ಡ್ರೈವರ್ ಬರೆಯುವವರಿಗೆ ತಿಳಿಸಿ. ಸ್ಕ್ಯಾನರ್‌ನ ಮಾದರಿ, ಸೇನ್ ಆವೃತ್ತಿ, ಸೇನ್ ಡೀಬಗ್ ಆನ್ ಮಾಡಿ ತೆಗೆದ ಲಾಗ್ (ಅದು ಮಾಡಿದ ಕೆಲಸದ ದಾಖಲೆ), ಜೊತೆಗೆ ಒಂದೇ ಹಾಳೆಯ ಗ್ರೇ ಮತ್ತು ಲೈನ್‌ಆರ್ಟ್ ಚಿತ್ರ ಎರಡನ್ನೂ ಕಳಿಸಿ.